ಫ್ರೆಂಚ್ ಸೈಕಲಿನ ಕತ್ತು

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಠಾಣೆ ಊರಿನ ವರ್ತಕ ನಗರದ ತಮ್ಮ ಮನೆಯಲ್ಲಿ ಪ್ರೇಮನಾಥರು ಒಂದು ಕೈಯಲ್ಲಿ ಚಹಾದ ಲೋಟ ಹಿಡಿದು ಇನ್ನೊಂದು ಕೈಯಲ್ಲಿ ಮೊಬೈಲ್ ತೆರೆದರು. ತಂಗಿಯ ಮಗಳು ಚೈತನ್ಯಾ ಒಂದು ಫೋಟೋ ಕಳಿಸಿದ್ದಳು. ದೀಪಾವಳಿ ಹತ್ತಿರ ಬಂತೆಂದು ಸೈಕಲಿಗೆ ಸಾಬೂನು ಹಾಕಿ ತೊಳೆದು, ಕೋಪರಖೈರಣೆಯ ತಮ್ಮ ಬಿಲ್ಡಿಂಗಿನ ಗೇಟಿಗೆ ಒರಗಿಸಿ ತೆಗೆದ ಫೋಟೋ. 'ಮಾಮಾ, ದೇಖೋ, ಆಪ್ ಕಾ ಒರಿಜಿನಲ್' ಎಂದು ಕೆಳಗೆ ಬರೆದಿದ್ದಳು.

ಪ್ರೇಮನಾಥರ ಮುಖ ಅರಳಿತು. ಯಾಕೆ ಅರಳಬಾರದು? ಐವತ್ತು ವರ್ಷ ಹಳೆಯ ಫ್ರೆಂಚ್ ರೋಡ್ ಸೈಕಲ್ ಅದು. ಅದರ ಒಂದೊಂದು ಭಾಗವನ್ನೂ ಅಳೆದು ನೋಡಿ, ಧೈರ್ಯವಾಗಿ ತೆಗೆದುಕೋ ಎಂದವರು ಅವರೇ. ಎರಡು ಬೆರಳು ಅಗಲಿಸಿ ಚಿತ್ರ ದೊಡ್ಡದು ಮಾಡಿದರು. ಚಕ್ರ ನೋಡಿದರು, ಪೆಡಲ್ ನೋಡಿದರು, ಕೊನೆಗೆ ಸ್ಟೆಮ್ ನೋಡಿದರು. ಹ್ಯಾಂಡಲನ್ನು ಕಚ್ಚಿ ಹಿಡಿದು ಮುಂದಿನ ಫೋರ್ಕಿನೊಳಗೆ ಇಳಿಯುವ ಭಾಗ ಅದು, ಸೈಕಲಿನ ಕತ್ತು ಎನ್ನಿ. ತೊಳೆದು ಫಳಫಳ ಹೊಳೆಯುತ್ತಿದ್ದ ಆ ಕತ್ತು ಮುಂದಕ್ಕೆ ಬಾಗುವ ಮೂಲೆಯಲ್ಲಿ, ಕೂದಲೆಳೆಯಷ್ಟು ಸಣ್ಣದಾಗಿ, ಒಂದು ಕೆಂಪು ಗೆರೆ ಇತ್ತು.

ಕನ್ನಡಕ ಒರೆಸಿ ಮತ್ತೆ ನೋಡಿದರು. ಗೆರೆ ಅಲ್ಲೇ ಇತ್ತು.

ಬೇರೆ ಯಾರಾದರೂ ಆಗಿದ್ದರೆ ಸರಿಯಾಗಿ ತೊಳೆದಿಲ್ಲ ಎಂದು ಸುಮ್ಮನಾಗುತ್ತಿದ್ದರು. ಪ್ರೇಮನಾಥರಿಗೆ ಸುಮ್ಮನಾಗುವ ಭಾಗ್ಯ ಇರಲಿಲ್ಲ. ವಾಗಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಅವರು ಮಾಡಿದ ಕೆಲಸವೇ ಅದು. ಲೋಹದ ತುಂಡಿಗೆ ಕೆಂಪು ಬಣ್ಣದ ಎಣ್ಣೆ ಹಚ್ಚಬೇಕು, ಸ್ವಲ್ಪ ಹೊತ್ತು ಬಿಡಬೇಕು, ಆಮೇಲೆ ತೊಳೆದು ಒರೆಸಬೇಕು. ತುಂಡು ಗಟ್ಟಿಯಿದ್ದರೆ ಬಣ್ಣವೆಲ್ಲ ಹೋಗುತ್ತದೆ. ಬಿರುಕು ಬಿಟ್ಟಿದ್ದರೆ ಅದರೊಳಗೆ ಇಳಿದ ಬಣ್ಣ ಹೋಗುವುದಿಲ್ಲ, ಕೆಂಪು ಗೆರೆಯಾಗಿ ನಿಲ್ಲುತ್ತದೆ. ಅಂಥ ತುಂಡುಗಳನ್ನು ಪ್ರೇಮನಾಥರು ಎರಡನೇ ಸಲ ನೋಡದೆ ಗುಜರಿಗೆ ಎಸೆಯುತ್ತಿದ್ದರು.

ಈ ಕೆಂಪು ಅಲ್ಲಿಗೆ ಹೇಗೆ ಬಂತು ಎಂಬುದನ್ನು ಹೇಳಿದರೆ ಪ್ರೇಮನಾಥರ ಮಾನ ಹೋಗುತ್ತದೆ. ಆದರೂ ಹೇಳಲೇಬೇಕು.

ಸೈಕಲ್ ಮೊದಲು ಡೊಂಬಿವಲಿಯ ಶಿವರಾಯನದು. ರೈಲ್ವೆಯಲ್ಲಿ ಕೆಲಸ, ಊರು ಕಲಬುರಗಿಯ ಕಡೆ. ಕಲ್ಯಾಣದ ಹತ್ತಿರದ ಕಾರ್ಖಾನೆಯೊಂದಕ್ಕೆ ಬಹಳ ಹಿಂದೆ ಬಂದಿದ್ದ ಫ್ರೆಂಚ್ ಇಂಜಿನಿಯರ್ ಒಬ್ಬ ಊರಿಗೆ ಹೋಗುವಾಗ ಬಂಗಲೆಯ ಕಾವಲುಗಾರನಿಗೆ ಸೈಕಲ್ ಬಿಟ್ಟುಹೋಗಿದ್ದ. ಆ ಕಾವಲುಗಾರನ ಅಳಿಯ ಈ ಶಿವರಾಯ. ಆಫೀಸಿನಲ್ಲಿ ಕೂತು ಕೂತು ಬೇಸತ್ತು ಹಳೆಯ ಸೈಕಲಿನ ಹುಚ್ಚು ಹಿಡಿಸಿಕೊಂಡಿದ್ದ ಚೈತನ್ಯಾಳಿಗೆ ಯಾವುದೋ ಗ್ರೂಪಿನಲ್ಲಿ ಇದು ಕಣ್ಣಿಗೆ ಬಿತ್ತು. ಅವಳ ಅಮ್ಮ ಜಯಲತಾಗೆ ಇದು ಸುತರಾಂ ಇಷ್ಟವಿರಲಿಲ್ಲ. ಟ್ರಕ್ಕುಗಳ ನಡುವೆ ಹುಡುಗಿ ಸೈಕಲ್ ತುಳಿಯುವುದೆಂದರೇನು? ಕೊನೆಗೆ ಅವರು ತುಳುನಾಡಿನ ಮನೆಗಳಲ್ಲಿ ಮಾಡುವುದನ್ನೇ ಮಾಡಿದರು, ಮಾತನ್ನು ಸೋದರಮಾವನ ಮೇಲೆ ಹಾಕಿದರು.

"ಅಣ್ಣ ನೋಡಿ ಸರಿ ಉಂಟು ಅಂದ್ರೆ ತಗೊಳ್ಳಲಿ. ಇಲ್ಲದಿದ್ರೆ ಇಲ್ಲ," ಎಂದಿದ್ದರು.

ಹಾಗೆ ವಿಜಯದಶಮಿಯ ದಿನ ಮಾವ ಸೊಸೆ ಇಬ್ಬರೂ ಡೊಂಬಿವಲಿಗೆ ಹೋದರು. ಪ್ರೇಮನಾಥರು ಚೀಲದಿಂದ ಅಳತೆಯ ವರ್ನಿಯರ್ ತೆಗೆದು ಕೂತರೆಂದರೆ ಜಗತ್ತು ಮರೆತಂತೆ. ಪೆಡಲಿನ ತುದಿಯಲ್ಲಿ ಎಡಕ್ಕೆ 'ಎಲ್' ಇರದೆ 'ಜಿ' ಇತ್ತು, ಬಲಕ್ಕೆ 'ಡಿ' ಇತ್ತು. ಫ್ರೆಂಚಿನಲ್ಲಿ ಎಡಬಲಗಳ ಮೊದಲಕ್ಷರ ಅವು. ಪೆಡಲ್ ಒರಿಜಿನಲ್. ಹಿಂದಿನ ಚಕ್ರದ ರಿಮ್ ಇಲ್ಲಿಯದು, ಸೀಟು ಇಲ್ಲಿಯದು, ಚೈನು ನಿನ್ನೆ ಮೊನ್ನೆಯದು. ಫೋರ್ಕಿನೊಳಗೆ ಇಳಿಯುವ ಸ್ಟೆಮಿನ ಕಾಲಿಗೆ ವರ್ನಿಯರ್ ಹಿಡಿದರು. ಸರಿಯಾಗಿ ಇಪ್ಪತ್ತೆರಡು ಮಿಲಿಮೀಟರ್. ಬೇರೆ ದೇಶದ್ದಾದರೆ ಕೂದಲೆಳೆಯಷ್ಟು ಹೆಚ್ಚು ದಪ್ಪ ಇರುತ್ತದೆ, ಫ್ರೆಂಚ್ ಫೋರ್ಕಿನೊಳಗೆ ಇಳಿಯುವುದೇ ಇಲ್ಲ. ಪ್ರೇಮನಾಥರು ಹುಡುಗನಂತೆ ಚಪ್ಪಾಳೆ ಹೊಡೆದರು.

ಹಿಂದಿನ ದಿನ ಆಯುಧಪೂಜೆ. ಶಿವರಾಯ ಸ್ಟೆಮಿಗೆ ಚೆಂಡುಹೂವಿನ ಮಾಲೆ ಕಟ್ಟಿ, ಆ ಬಾಗಿದ ಮೂಲೆಗೆ ಸರಿಯಾಗಿ ಹೆಬ್ಬೆರಳಗಲ ಕುಂಕುಮ ಬಳಿದಿದ್ದ. ಪ್ರೇಮನಾಥರ ಕೈ ಅಭ್ಯಾಸಬಲದಿಂದ ಬಟ್ಟೆಯ ಚೂರಿಗೆ ಹೋಯಿತು. ಮೊದಲು ಒರೆಸು, ಆಮೇಲೆ ನೋಡು, ಇದು ಅವರ ಕೆಲಸದ ಮೊದಲ ಪಾಠ.

"ಅದನ್ನ ಒರಸಬ್ಯಾಡ್ರಿ ಸರ," ಎಂದ ಶಿವರಾಯ. "ನಿನ್ನೆನೇ ಪೂಜಿ ಮಾಡೇವಿ. ಉದುರಬಾರದಂತ ಎಣ್ಯಾಗ ಕಲಸಿ ಹಚ್ಚೀನ್ರಿ. ತಾನಾಗೇ ಹೋಗೂತನಕ ಇರ್ಲಿ."

"ಛೆ ಛೆ, ಒರೆಸೋದಿಲ್ಲ ಮಾರಾಯ," ಎಂದು ಪ್ರೇಮನಾಥರು ಬಟ್ಟೆ ಚೀಲಕ್ಕೆ ಹಾಕಿದರು. ಅದು ಶಿವರಾಯನನ್ನು ಮೆಚ್ಚಿಸಲು ಆಡಿದ ಮಾತಲ್ಲ. ಕಾರ್ಖಾನೆಯಲ್ಲಿ ತಮ್ಮ ವರ್ನಿಯರಿಗೆ ಹಚ್ಚಿದ ಕುಂಕುಮವನ್ನೂ ಅವರು ಎಂದೂ ಒರೆಸಿದವರಲ್ಲ. ಆಯುಧದ ಮೇಲಿನ ಕುಂಕುಮ ಕೈಯಾರೆ ತೆಗೆದರೆ ಕೇಡು ಎಂಬುದು ತಾಯಿ ಹೇಳಿಕೊಟ್ಟದ್ದು. ಕುಂಕುಮದ ಸುತ್ತಲೂ ನೋಡಿದರು, ಕುಂಕುಮದ ಕೆಳಗೆ ನೋಡಲಿಲ್ಲ. ನೋಡದೆಯೇ "ಸ್ಟೆಮ್ ಒರಿಜಿನಲ್, ಫಸ್ಟ್ ಕ್ಲಾಸ್" ಎಂದರು.

ಹತ್ತು ದಿನದ ನಂತರ ಚೈತನ್ಯಾ ಫೋನ್ ಮಾಡಿದ್ದಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ತುಳು ಎಲ್ಲ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಮಾತ್ರ ಹಿಂದಿ. "ಮಾಮಾ, ಹ್ಯಾಂಡಲ್ ಮೇ ಸೇ ಕಟ್ ಕಟ್ ಆವಾಜ್ ಆ ರಹಾ ಹೈ. ನಯಾ ಸ್ಟೆಮ್ ಡಾಲೂಂ ಕ್ಯಾ? ವಾಶೀ ಕಾ ದುಕಾನ್‌ವಾಲಾ ಘಿಸ್ ಕೇ ಬಿಠಾ ದೇಗಾ."

ಘಿಸ್ ಕೇ! ಹೊಸ ಸ್ಟೆಮನ್ನು ಉಜ್ಜಿ ಕೂರಿಸುವುದಂತೆ! ಪ್ರೇಮನಾಥರ ಪಿತ್ತ ನೆತ್ತಿಗೇರಿತ್ತು. "ಎಂಥ ಮಾತಾಡ್ತೀ ನೀನು? ಹಳೇ ಗಾಡಿ ಅಂದ್ಮೇಲೆ ಸ್ವಲ್ಪ ಸದ್ದು ಮಾಡ್ತದೆ. ಗ್ರೀಸ್ ಹಾಕು. ಒರಿಜಿನಲಿಗೆ ಕೈ ಹಚ್ಚಿದ್ರೆ ನೋಡು, ನಾನು ಮತ್ತೆ ನಿನ್ನ ಸೈಕಲ್ ಮುಟ್ಟೋದಿಲ್ಲ," ಎಂದಿದ್ದರು. ಅವಳು ಒಳ್ಳೆಯ ಹುಡುಗಿ. ಗ್ರೀಸ್ ಹಾಕಿದಳು, ಮಾಮ ಹೇಳಿದ್ದಾರೆಂದು ಆ ಸದ್ದಿನೊಂದಿಗೇ ಸವಾರಿ ಮಾಡಿದಳು.

ಈಗ ಪ್ರೇಮನಾಥರು ಅವಳಿಗೆ ಫೋನ್ ಹಚ್ಚಿದರು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದರು. ಸವಾರಿಯಲ್ಲಿ ಅವಳು ಮೊಬೈಲನ್ನು ಸೈಲೆಂಟ್ ಮಾಡಿ ಸೀಟಿನ ಕೆಳಗಿನ ಚೀಲಕ್ಕೆ ಹಾಕುತ್ತಾಳೆ. ಅದನ್ನೂ ಹೇಳಿಕೊಟ್ಟವರು ಅವರೇ, ರಸ್ತೆಯಲ್ಲಿ ಫೋನ್ ಮುಟ್ಟಬಾರದು ಎಂದು. 'ನಿಲ್ಲು, ಸೈಕಲ್ ಹತ್ತಬೇಡ' ಎಂದು ಮೆಸೇಜ್ ಹಾಕಿದರು. ಎರಡು ಬೂದು ಟಿಕ್ ಬಿತ್ತು. ನೀಲಿಯಾಗಲಿಲ್ಲ.

ತಂಗಿಗೆ ಫೋನ್ ಮಾಡಿ, ಏನೂ ಆಗದವರ ಹಾಗೆ ಕೇಳಿದರು, "ಚೈತನ್ಯಾ ಎಲ್ಲಿ ಮಾರಾಯ್ತಿ? ಫೋಟೋ ಕಳಿಸಿದ್ದಳು."

"ಆರೂವರೆಗೇ ಹೋದಳಲ್ಲ. ಬೇಲಾಪುರದ ಪಾರಸಿಕ್ ಗುಡ್ಡ. ಹತ್ತುವುದಂತೆ, ಇಳಿಯುವುದಂತೆ, ಇವತ್ತು ನಾಲ್ಕು ಸಲವಂತೆ. ನಿಂಗೆ ಎಂತ ಬೇಕಿತ್ತು?"

"ಏನಿಲ್ಲ, ಸುಮ್ಮನೆ," ಎಂದರು ಪ್ರೇಮನಾಥರು.

ಮಟ್ಟಸವಾದ ರಸ್ತೆಯಲ್ಲಾಗಿದ್ದರೆ ಬೇರೆ ಮಾತು. ಗುಡ್ಡ ಹತ್ತುವಾಗ ಸವಾರ ಹ್ಯಾಂಡಲನ್ನು ಜಗ್ಗುತ್ತಾನೆ. ಇಳಿಯುವಾಗ ಬ್ರೇಕ್ ಹಿಡಿದು ಮೈಭಾರವನ್ನೆಲ್ಲ ಅದರ ಮೇಲೆ ಹಾಕುತ್ತಾನೆ. ಬಿರುಕು ಬಿಟ್ಟ ಲೋಹಕ್ಕೆ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಒಂದು ಸಲ ಜಗ್ಗಿದಾಗ ಒಂದು ಎಳೆ, ಒಂದು ಸಲ ಒತ್ತಿದಾಗ ಇನ್ನೊಂದು ಎಳೆ, ಹಾಗೆ ಅದು ಒಳಗೊಳಗೇ ಹರಿಯುತ್ತಾ ಹೋಗುತ್ತದೆ. ಕೊನೆಯ ಎಳೆ ಯಾವಾಗ ಎಂದು ಯಾರಿಗೂ ಗೊತ್ತಾಗುವುದಿಲ್ಲ.

"ತಿಂಡಿ ಆಯ್ತು, ಎಲ್ಲಿಗೆ ಹೊರಟಿರಿ?" ಎಂದು ಹೆಂಡತಿ ಲೋಲಾಕ್ಷಿ ಅಡುಗೆಮನೆಯಿಂದ ಕೂಗುವಷ್ಟರಲ್ಲಿ ಅವರು ಸ್ಕೂಟರಿನ ಕೀಲಿ ತೆಗೆದುಕೊಂಡು ಮೆಟ್ಟಿಲು ಇಳಿದಾಗಿತ್ತು. ಕಾಲಲ್ಲಿ ಮನೆಯೊಳಗಿನ ಚಪ್ಪಲಿಯೇ ಇತ್ತು.

ಕಳ್ವಾದ ಸೇತುವೆ ದಾಟಿ, ವಿಟಾವಾ ದಾಟಿ, ಠಾಣೆ-ಬೇಲಾಪುರ ರಸ್ತೆಗೆ ಬಿದ್ದರು. ಅರವತ್ತೆರಡರ ಮನುಷ್ಯ, ಜನ್ಮದಲ್ಲಿ ನಲವತ್ತರ ವೇಗದ ಮೇಲೆ ಸ್ಕೂಟರ್ ಓಡಿಸಿದವರಲ್ಲ. ಈಗ ಟ್ಯಾಂಕರುಗಳ ಎಡಕ್ಕೂ ನುಗ್ಗಿದರು, ಬಲಕ್ಕೂ ನುಗ್ಗಿದರು. ಹೊಂಡ ಸಿಕ್ಕಿ ಸ್ಕೂಟರ್ ಎಗರಿದಾಗಲೆಲ್ಲ, ಈ ಹ್ಯಾಂಡಲ್ ಈಗ ಕಿತ್ತು ಕೈಗೆ ಬಂದರೆ ಏನಾಗುತ್ತದೆ ಎಂಬುದು ಬೇಡವೆಂದರೂ ಕಣ್ಣಮುಂದೆ ಬರುತ್ತಿತ್ತು. ಮುಖ ಅಡಿಯಾಗಿ ಬೀಳುತ್ತಾರೆ. ಕೈ ಊರುವುದಕ್ಕೂ ಆಗುವುದಿಲ್ಲ, ಕೈಯಲ್ಲಿ ಹ್ಯಾಂಡಲ್ ಇರುತ್ತದಲ್ಲ. ಇಪ್ಪತ್ತಾರು ವರ್ಷದ ಹುಡುಗಿಯ ಮುಖ. ಮಗುವಾಗಿದ್ದಾಗ ಅವರ ತೊಡೆಯ ಮೇಲೆಯೇ ಕಿವಿ ಚುಚ್ಚಿಸಿಕೊಂಡು ಅತ್ತ ಮುಖ.

ರಬಾಳೆಯ ಹತ್ತಿರ ಅಂಗಿಯ ಜೇಬಿನಲ್ಲಿ ಫೋನ್ ನಡುಗತೊಡಗಿತು. ಪ್ರೇಮನಾಥರು ನಿಲ್ಲಿಸಲಿಲ್ಲ. ನಿಲ್ಲಿಸಿ ನೋಡಲು ಧೈರ್ಯವೇ ಇರಲಿಲ್ಲ ಅವರಿಗೆ. ಅವಳ ಫೋನಿನಿಂದಲೇ ಬಂದಿದ್ದರೆ ಒಳ್ಳೆಯದು ಎಂದುಕೊಂಡರು. ಮರುಕ್ಷಣವೇ, ಅವಳ ಫೋನಿನಿಂದ ಬೇರೆ ಯಾರೋ ಮಾತಾಡಿದರೆ ಎಂಬ ಯೋಚನೆ ಬಂತು. ಫೋನ್ ನಿಂತಿತು, ಮತ್ತೆ ಶುರುವಾಯಿತು. ಘಣಸೋಲಿಯಲ್ಲಿ ರಸ್ತೆಯ ಬದಿಗೆ ನಿಲ್ಲಿಸಿ, ಕಣ್ಣು ಕಿರಿದು ಮಾಡಿ ಹೆಸರು ನೋಡಿದರು. ಜಯಲತಾ.

"ಅಣ್ಣ, ಅತ್ತಿಗೆ ಫೋನ್ ಮಾಡಿದ್ರು, ಮನೆ ಚಪ್ಪಲಿಯಲ್ಲೇ ಓಡಿದ್ದಿಯಂತೆ. ಎಂತ ಆಗಿದೆ? ಚೈತನ್ಯಾ ಫೋನ್ ಎತ್ತುವುದಿಲ್ಲ. ಹೇಳು ನಂಗೆ."

ಟ್ಯಾಂಕರೊಂದು ಹಾರ್ನ್ ಹೊಡೆಯುತ್ತಾ ಹೋಯಿತು. ಅದು ಹೋಗುವ ತನಕ ಸಮಯ ಸಿಕ್ಕಿತು, ಆದರೆ ಹೇಳಲು ಬೇರೆ ಮಾತು ಸಿಗಲಿಲ್ಲ. "ಆ ಸೈಕಲ್ ಸರಿ ಇಲ್ಲ ಜಯಾ. ಹ್ಯಾಂಡಲ್ ಮುರೀಬಹುದು. ನಾನು ಹೋಗ್ತಾ ಇದ್ದೇನೆ."

"ನೀನೇ ನೋಡಿದ್ದಲ್ವಾ?" ಜಯಲತಾರ ಸ್ವರ ಸಣ್ಣದಾಯಿತು. "ನೀನು ನೋಡಿದ್ದಿ ಅಂತ ತಾನೆ ನಾನು ಬಿಟ್ಟದ್ದು?"

"ನಾನೇ ನೋಡಿದ್ದು," ಎಂದರು ಪ್ರೇಮನಾಥರು. ಫೋನ್ ಜೇಬಿಗೆ ಹಾಕಿ ಮತ್ತೆ ಸ್ಕೂಟರ್ ಹೊರಡಿಸಿದರು.

ಗುಡ್ಡದ ಬುಡಕ್ಕೆ ಬಂದಾಗ ಎಂಟು ಗಂಟೆ. ಇಷ್ಟರಲ್ಲಿ ಅವಳು ಮೂರು ಸಲವಾದರೂ ಹತ್ತಿ ಇಳಿದಿರುತ್ತಾಳೆ ಎಂದು ಲೆಕ್ಕ ಹಾಕಿದರು. ರಸ್ತೆಯಲ್ಲಿ ಜನ ಗುಂಪುಗೂಡಿದ್ದಾರೋ ನೋಡಿದರು, ಇಲ್ಲ. ಆಂಬುಲೆನ್ಸ್ ಇಲ್ಲ. ಟ್ರ್ಯಾಕ್‌ಸೂಟಿನ ಮುದುಕರು ಹರಟುತ್ತಾ ನಡೆಯುತ್ತಿದ್ದರು. ಅವರ ನಗು ಕೇಳಿ ಪ್ರೇಮನಾಥರಿಗೆ ಸ್ವಲ್ಪ ಜೀವ ಬಂತು. ಬುಡದ ಸ್ಪೀಡ್ ಬ್ರೇಕರ್ ಹಾರಿಸಿ ಸ್ಕೂಟರನ್ನು ಮೇಲಕ್ಕೆ ಬಿಟ್ಟರು. ಅರ್ಧ ಗುಡ್ಡ ಏರಿ, ಒಂದು ತಿರುವಿನಲ್ಲಿ ತಲೆಯೆತ್ತಿದಾಗ ಮೇಲಿನ ತಿರುವಿನಲ್ಲಿ ಹಳದಿ ಹೆಲ್ಮೆಟ್ ಕಾಣಿಸಿತು.

ಅವಳೇ. ಇಳಿಯುತ್ತಿದ್ದಳು.

ಪ್ರೇಮನಾಥರು ಸ್ಕೂಟರ್ ನಿಲ್ಲಿಸಿ, ರಸ್ತೆಯ ಮಧ್ಯಕ್ಕೆ ಓಡಿ, ಎರಡೂ ಕೈ ಎತ್ತಿ ಕೂಗಲು ಬಾಯಿ ತೆರೆದರು. ಆ ತೆರೆದ ಬಾಯಿಯಲ್ಲೇ ಇನ್ನೊಂದು ಹೆದರಿಕೆ ಬಂದು ಕೂತಿತು. ಮಾಮ ರಸ್ತೆಯಲ್ಲಿ ಕೈ ಬೀಸುತ್ತಿರುವುದನ್ನು ಕಂಡರೆ ಅವಳು ಏನು ಮಾಡುತ್ತಾಳೆ? ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುತ್ತಾಳೆ. ಆ ಇಳಿಜಾರಿನಲ್ಲಿ, ಆ ವೇಗದಲ್ಲಿ, ಇಡೀ ದೇಹ ಮುಂದಕ್ಕೆ ಬಂದು ಕೈಗಳ ಮೇಲೆ ಬೀಳುತ್ತದೆ. ಮೂರು ಸಲ ತಡೆದ ಕತ್ತು ಆಗ ತಡೆಯುವುದಿಲ್ಲ.

ಅವರು ಕೈ ಇಳಿಸಿದರು. ಠಾಣೆಯಿಂದ ಜೀವ ಕೈಯಲ್ಲಿ ಹಿಡಿದು ಓಡಿಬಂದದ್ದೇ ಅವಳನ್ನು ನಿಲ್ಲಿಸಲು. ಈಗ ನಿಲ್ಲಿಸಿದರೆ ಕೊಂದ ಹಾಗೆ. ಬದಿಯಲ್ಲಿ ಒಂದು ಸ್ಕೂಲ್ ಬಸ್ ನಿಂತಿತ್ತು. ಪ್ರೇಮನಾಥರು ಅದರ ಹಿಂದೆ ಹೋಗಿ, ಕಳ್ಳನ ಹಾಗೆ ಬೆನ್ನು ಹಚ್ಚಿ ನಿಂತರು. ಕಣ್ಣು ಮುಚ್ಚಿಕೊಂಡರು.

ಮೊದಲು ಟಯರಿನ ಸದ್ದು ಕೇಳಿತು. ಆಮೇಲೆ ಹಿಂದಿನ ಚಕ್ರದ ಟಕಟಕಟಕ. ಪೆಡಲ್ ತುಳಿಯದೆ ಸುಮ್ಮನೆ ಬಿಟ್ಟಾಗ ಬರುವ ಸದ್ದು ಅದು. ಡೊಂಬಿವಲಿಯಲ್ಲಿ ಚಕ್ರ ತಿರುಗಿಸಿ ಆ ಸದ್ದು ಕೇಳಿ ಎಷ್ಟು ಹಿಗ್ಗಿದ್ದರು ಅವರು! ಈಗ ಆ ಸದ್ದು ನಿಂತುಬಿಟ್ಟರೆ ಎಂದು ಕಿವಿಗೊಟ್ಟು ನಿಂತರು. ಬಸ್ಸಿನ ಆಚೆ ಬದಿಯಿಂದ ಸದ್ದು ಹತ್ತಿರ ಬಂತು, ಜೋರಾಯಿತು, ದಾಟಿತು, ಸಣ್ಣದಾಗುತ್ತಾ ಹೋಯಿತು. ಆಗ ನೆನಪಾಯಿತು, ಬುಡದಲ್ಲಿ ಸ್ಪೀಡ್ ಬ್ರೇಕರ್ ಇದೆ.

ದೇವರ ಹೆಸರು ಹೇಳಬೇಕೆಂದರೆ ಒಂದು ಹೆಸರೂ ಬಾಯಿಗೆ ಬರಲಿಲ್ಲ. ಒಂದು, ಎರಡು ಎಂದು ಎಣಿಸಿದರು. ಇಪ್ಪತ್ತರವರೆಗೆ ಎಣಿಸಿದರು. ಯಾರೂ ಕಿರುಚಲಿಲ್ಲ. ಏನೂ ಬಿದ್ದ ಸದ್ದಾಗಲಿಲ್ಲ. ಸ್ಕೂಟರನ್ನು ಅಲ್ಲೇ ಬಿಟ್ಟು, ಚಪ್ಪಲಿ ಜಾರುತ್ತಾ ಇಳಿಜಾರಿನಲ್ಲಿ ಓಡಿದರು.

ಕೆಳಗೆ, ಸ್ಪೀಡ್ ಬ್ರೇಕರಿನ ಪಕ್ಕದ ಸಂದಿಯಲ್ಲಿ ನುಸುಳಿ, ಮಟ್ಟಸ ರಸ್ತೆಯಲ್ಲಿ ತಾನಾಗಿ ನಿಂತ ಸೈಕಲಿನ ಮೇಲೆ ಚೈತನ್ಯಾ ಒಂದು ಕಾಲು ಫುಟ್‌ಪಾತಿಗೆ ಊರಿ ಕೂತಿದ್ದಳು. ಬೆವರಿ ಕೆಂಪಾದ ಮುಖದ ತುಂಬ ನಗು.

"ಮಾಮಾ! ಛುಪ್ ಕ್ಯೋಂ ಗಯೇ? ಮೈನೇ ಊಪರ್ ಸೇ ಹೀ ದೇಖ್ ಲಿಯಾ ಥಾ!" ಎಂದಳು. ಮಾಮ ಬಸ್ಸಿನ ಹಿಂದೆ ಅಡಗಿದ್ದನ್ನು ಮೇಲಿನಿಂದಲೇ ಕಂಡು, ತನ್ನ ಸೈಕಲ್ ಓಡುವುದನ್ನು ಕದ್ದು ನೋಡಲು ಬಂದಿದ್ದಾರೆ ಎಂದುಕೊಂಡಿದ್ದಳಂತೆ. "ಹ್ಯಾಂಡಲ್ ಬಹುತ್ ಆವಾಜ್ ಕರ್ ರಹಾ ಥಾ, ಥೋಡಾ ಡರ್ ಲಗ್ ರಹಾ ಥಾ. ಫಿರ್ ಆಪ್ ಕೋ ದೇಖಾ. ಮಾಮಾ ಖುದ್ ಖಡೇ ಹೈಂ, ತೋ ಗಾಡಿ ಠೀಕ್ ಹೀ ಹೋಗೀ. ಬ್ರೇಕ್ ಪೂರಾ ಛೋಡ್ ದಿಯಾ!"

ಹೆದರಿಕೆಯಾಗುತ್ತಿತ್ತು, ಮಾಮನೇ ನಿಂತಿದ್ದಾರೆಂದರೆ ಗಾಡಿ ಸರಿ ಇರಬೇಕೆಂದು ಬ್ರೇಕ್ ಪೂರ್ತಿ ಬಿಟ್ಟೆ ಎನ್ನುತ್ತಿದ್ದಳು ಹುಡುಗಿ.

"ಇಳಿ," ಎಂದರು. "ಹ್ಯಾಂಡಲ್ ಮೇಲೆ ಭಾರ ಹಾಕಬೇಡ. ಮೆಲ್ಲ ಇಳಿ."

ಅವಳು ಇಳಿದಳು. ಪ್ರೇಮನಾಥರು ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಅಮುಕಿ ಹಿಡಿದು, ಹ್ಯಾಂಡಲಿನ ಎರಡೂ ತುದಿಗೆ ಕೈಯಿಟ್ಟು ಒತ್ತಿದರು. ಜೋರಾಗಿ ಏನಲ್ಲ, ಬಾಗಿಲು ದೂಡುವಷ್ಟು. ಟಕ್ ಎಂದು ಒಂದೇ ಒಂದು ಸದ್ದಾಯಿತು. ಹ್ಯಾಂಡಲ್ ಬ್ರೇಕಿನ ತಂತಿಗಳ ಸಮೇತ ಅವರ ಕೈಗೆ ಬಂತು.

ಚೈತನ್ಯಾಳ ನಗು ಮುಖದಲ್ಲೇ ನಿಂತುಹೋಯಿತು.

ಪ್ರೇಮನಾಥರು ಮುರಿದ ಜಾಗವನ್ನು ಬೆಳಕಿಗೆ ಹಿಡಿದರು. ಅದನ್ನು ಓದುವುದು ಅವರಿಗೆ ಗೊತ್ತಿತ್ತು, ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು. ಒಳಗೆಲ್ಲ ಕಪ್ಪು, ಎಷ್ಟೋ ಕಾಲದಿಂದ ಬಿರಿದು ಬೆವರು ಕುಡಿದ ಕಪ್ಪು. ಅದರ ಅಂಚಿನಲ್ಲಿ ಎಣ್ಣೆಯೊಂದಿಗೆ ಇಳಿದ ಕುಂಕುಮ. ಒಂದು ಮೂಲೆಯಲ್ಲಿ ಮಾತ್ರ, ಅಕ್ಕಿಕಾಳಿನಷ್ಟು ಜಾಗ, ಈಗ ತಾನೇ ಮುರಿದ ಲೋಹ ಬೆಳ್ಳಗೆ ಹೊಳೆಯುತ್ತಿತ್ತು. ಗುಡ್ಡದ ಮೇಲಿನಿಂದ ಅವಳನ್ನು ಹೊತ್ತು ತಂದದ್ದು ಅಷ್ಟೇ.

"ಇತನಾ ಹೀ ಥಾ?" ಚೈತನ್ಯಾ ಬೆರಳಿನ ತುದಿಯಿಂದ ಆ ಹೊಳಪನ್ನು ಮುಟ್ಟಿ ಕೇಳಿದಳು.

"ಇಷ್ಟೇ," ಎಂದರು ಪ್ರೇಮನಾಥರು.

ಅವಳು ಫುಟ್‌ಪಾತಿನ ಮೇಲೆ ಕುಸಿದು ಕೂತಳು. ಹಲ್ಲುಗಳು ಕಟಕಟ ಎನ್ನುತ್ತಿದ್ದವು, ಅಕ್ಟೋಬರಿನ ಆ ಬಿಸಿಲಿನಲ್ಲಿ. ಪ್ರೇಮನಾಥರ ಜೇಬಿನಲ್ಲಿ ಮತ್ತೆ ಫೋನ್ ನಡುಗಿತು. ಈ ಸಲ ಕೂಡಲೇ ಎತ್ತಿದರು.

"ಅಣ್ಣ?" ಜಯಲತಾ ಅಷ್ಟೇ ಹೇಳಿದರು.

"ಸಿಕ್ಕಿದಳು. ಏನೂ ಆಗಲಿಲ್ಲ," ಎಂದರು. ಆಮೇಲೆ, ಚೈತನ್ಯಾಳಿಗೂ ಕೇಳಲಿ ಎಂದೇ ಹೇಳಿದರು, "ಸದ್ದು ಬರ್ತದೆ ಅಂತ ಅವಳು ಮೊದಲೇ ಹೇಳಿದ್ದಳು ಜಯಾ. ನಾನು ಕೇಳಲಿಲ್ಲ. ತಪ್ಪು ನನ್ನದೇ."

ಆಚೆ ಕಡೆ ಅಳುವ ಸದ್ದು ಕೇಳಿತು. ಅಣ್ಣನನ್ನು ಬೈಯಲೂ ಇಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ಕೊನೆಗೆ ಜಯಲತಾ ಕೇಳಿದರು, "ಅವಳನ್ನು ಹಿಡ್ಕೊಂಡಿದ್ದೀಯಾ ಅಣ್ಣ?"

"ಹೂಂ, ಹಿಡ್ಕೊಂಡಿದ್ದೇನೆ," ಎಂದರು ಪ್ರೇಮನಾಥರು.

ಸುಳ್ಳು. ಅವರ ಕೈಯಲ್ಲಿ ಇನ್ನೂ ಹ್ಯಾಂಡಲ್ ಇತ್ತು. ಅದನ್ನು ರಸ್ತೆಯ ಮೇಲೆ ಹಾಕಿ, ಹುಡುಗಿಯ ಪಕ್ಕದಲ್ಲಿ ಕೂತು, ಅವಳ ಎರಡೂ ಕೈಗಳನ್ನು ಹಿಡಿದುಕೊಂಡರು.